ಸುಪೆಯ 11 ಎಕರೆ: ಕಾಡೂ ಬೇಡ, ಕ್ರೆಡಿಟ್ಟೂ ಬೇಡ, ಕುರಣ ಬರಲಿ

ಪ್ರಶ್ನೆ: ನಾವು ಜತ್ತ ತಾಲ್ಲೂಕಿನ ಕಡೆಯವರು. ಪುಣೆಗೆ ಬಂದು 38 ವರ್ಷವಾಯಿತು, ನಿಗಡಿಯಲ್ಲಿ ಮನೆ. ತಂದೆಯವರು ಬಾರಾಮತಿ ತಾಲ್ಲೂಕಿನ ಸುಪೆ ಹತ್ತಿರ 11 ಎಕರೆ ಹೊಲ ಕೊಂಡಿದ್ದರು. ಅದರಲ್ಲಿ 3 ಎಕರೆಗೆ ಬಾವಿ ನೀರಿದೆ. ಉಳಿದ 8 ಎಕರೆ ಮುರುಮು (ಗರಸು) ನೆಲ. ಸಜ್ಜೆ, ಹುರುಳಿ ಬಿತ್ತುತ್ತಿದ್ದರು. ಅವರು ತೀರಿಕೊಂಡ ಮೇಲೆ 6 ವರ್ಷದಿಂದ ಬೀಳು ಬಿದ್ದಿದೆ. ಈಗ ಒಬ್ಬ ಕನ್ಸಲ್ಟೆಂಟ್ ಬಂದು, ಎಕರೆಗೆ 450 ಗಿಡ ನೆಟ್ಟು ಸುತ್ತ ಜಾಳಿಗೆ ಬೇಲಿ ಹಾಕಿ ‘ವನ್ಯಜೀವಿ ನೆಲೆ’ ಮಾಡಿದರೆ ಬಯೋಡೈವರ್ಸಿಟಿ ಕ್ರೆಡಿಟ್ ಮಾರಬಹುದು, ವರ್ಷಕ್ಕೆ ಎಕರೆಗೆ ಲಕ್ಷ ರೂಪಾಯಿ ಬರುತ್ತದೆ ಎನ್ನುತ್ತಾರೆ. ನೋಂದಣಿಗೆ 1.8 ಲಕ್ಷ ಕೇಳುತ್ತಿದ್ದಾರೆ. ತಮ್ಮ ಬೇಡ ಅನ್ನುತ್ತಾನೆ, ಮಗಳು ಮಾಡೋಣ ಅನ್ನುತ್ತಾಳೆ. ನನಗೀಗ 61. ಏನು ಮಾಡಲಿ?

ಉತ್ತರ: ಮೊದಲು ಅವಸರದ ಮಾತು. 1.8 ಲಕ್ಷ ಕೊಡಬೇಡಿ.

ತಮ್ಮ ಹೇಳುವುದೂ ಸರಿ, ಮಗಳು ಹೇಳುವುದೂ ಸರಿ. ಒಬ್ಬರು ದುಡ್ಡಿನ ಮಾತಾಡುತ್ತಿದ್ದಾರೆ, ಇನ್ನೊಬ್ಬರು ನೆಲದ ಮಾತಾಡುತ್ತಿದ್ದಾರೆ, ಅಷ್ಟೆ. ಎರಡನ್ನೂ ಒಂದೇ ಗಂಟು ಕಟ್ಟಿದ್ದು ಆ ಕನ್ಸಲ್ಟೆಂಟರ ಜಾಣತನ. ಗಂಟು ಬಿಚ್ಚಿದರೆ ನೆಲದ ಭಾಗ ಚಿನ್ನದಂಥದ್ದು, ದುಡ್ಡಿನ ಭಾಗ ಬರೀ ಗಾಳಿ.

ಬಯೋಡೈವರ್ಸಿಟಿ ಕ್ರೆಡಿಟ್ ಅಂದರೇನು? ಡೈರಿಗೆ ಹಾಲು ಹಾಕಿದರೆ ಫ್ಯಾಟ್ ಅಳೆದು ದುಡ್ಡು ಕೊಡುತ್ತಾರಲ್ಲ, ಹಾಗೆ ನೆಲದ ಜೀವವೈವಿಧ್ಯವನ್ನು ಇವತ್ತೊಮ್ಮೆ ಅಳೆದು, ಕೆಲವು ವರ್ಷದ ಮೇಲೆ ಮತ್ತೊಮ್ಮೆ ಅಳೆದು, ನಡುವೆ ಹೆಚ್ಚಾದಷ್ಟನ್ನು ಮಾರುವುದು. ಆದರೆ ಹಾಲಿನ ಫ್ಯಾಟಿಗೆ ಒಂದೇ ಅಳತೆ, ಒಂದೇ ಯಂತ್ರ. ನೆಲಕ್ಕೆ ಅಂಥ ಯಂತ್ರ ಇಲ್ಲ. ಒಬ್ಬೊಬ್ಬರು ಒಂದೊಂದು ರೀತಿ ಅಳೆಯುತ್ತಾರೆ. ಕೊಲಂಬಿಯಾದ ಟೆರಾಸೋಸ್ ಎಂಬ ಕಂಪನಿ 10 ಚದರ ಮೀಟರ್ ನೆಲವನ್ನು 30 ವರ್ಷ ಕಾಪಾಡುವುದಕ್ಕೆ ಒಂದು ಕ್ರೆಡಿಟ್ ಎನ್ನುತ್ತದೆ. ಬ್ರಿಟನ್ನಿನ ವಾಲೇಸಿಯಾ ಟ್ರಸ್ಟಿನ ಲೆಕ್ಕದಲ್ಲಿ ಒಂದು ಹೆಕ್ಟೇರಿನಲ್ಲಿ ಕೆಲವು ಸೂಚಕಗಳು ಒಟ್ಟಾರೆ ಶೇ 1ರಷ್ಟು ಏರಿದರೆ ಒಂದು ಕ್ರೆಡಿಟ್. ಆದ್ದರಿಂದ ಯಾರಾದರೂ ಇಷ್ಟು ಕ್ರೆಡಿಟ್ ಬರುತ್ತದೆ ಎಂದರೆ, ಯಾವ ಅಳತೆಯಲ್ಲಿ ಎಂಬುದು ಮೊದಲ ಪ್ರಶ್ನೆ.

ಎರಡನೆಯ ಪ್ರಶ್ನೆ ಇನ್ನೂ ದೊಡ್ಡದು: ಯಾರು ಕೊಳ್ಳಲೇಬೇಕು? ಲಕ್ಷದ ಮಾತು ಹುಟ್ಟಿದ್ದು ಎಲ್ಲಿ ಎಂದು ನನಗೆ ಅನುಮಾನವಿದೆ, ಇಂಗ್ಲೆಂಡಿನಲ್ಲಿ ಇರಬೇಕು. ಅಲ್ಲಿ 2021ರ ಪರಿಸರ ಕಾಯ್ದೆಯಡಿ 2024ರ ಫೆಬ್ರವರಿ 12ರಿಂದ ದೊಡ್ಡ ಕಟ್ಟಡ ಯೋಜನೆಗಳಿಗೆ ಒಂದು ನಿಯಮ ಬಂತು. ಬಿಲ್ಡರ್ ಹಾಳುಮಾಡಿದ್ದಕ್ಕಿಂತ ಕನಿಷ್ಠ ಶೇ 10ರಷ್ಟು ಹೆಚ್ಚು ಜೀವನೆಲೆಯನ್ನು ಸೃಷ್ಟಿಸಿ ತೋರಿಸಬೇಕು, ಅದನ್ನು 30 ವರ್ಷ ನೋಡಿಕೊಳ್ಳಬೇಕು. ತನ್ನ ಜಾಗದಲ್ಲಿ ಆಗದಿದ್ದರೆ ಹೊಲ ಬಿಟ್ಟುಕೊಟ್ಟ ರೈತನಿಂದ ಕೊಳ್ಳಬೇಕು. ಎಲ್ಲೂ ಸಿಗದಿದ್ದರೆ ಸರ್ಕಾರದಿಂದ. ಸರ್ಕಾರದ ಕನಿಷ್ಠ ದರವನ್ನೇ ಕ್ರೆಡಿಟ್ಟಿಗೆ 42,000 ಪೌಂಡ್ ಎಂದು ಇಟ್ಟರು. ಬಿಲ್ಡರುಗಳು ಸುಲಭಕ್ಕೆ ಅತ್ತ ಓಡದಿರಲಿ ಅಂತ ಬೇಕೆಂದೇ ದುಬಾರಿ ಮಾಡಿದ್ದು. ಅಲ್ಲಿನ ರೈತನಿಗೆ ದುಡ್ಡು ಬರುವುದು ಹಕ್ಕಿಗಳು ಬಂದವು ಎಂಬ ಖುಷಿಗಲ್ಲ, ಆ ಬಿಲ್ಡರಿಗೆ ಕಟ್ಟುವ ಪರವಾನಗಿ ಬೇಕು ಎಂಬ ಕಾರಣಕ್ಕೆ. ಪೌಂಡನ್ನು ರೂಪಾಯಿಗೆ ಗುಣಿಸಿ ಸುಪೆಯ ಮುರುಮಿನ ಮೇಲೆ ಹಾಸಿದರೆ ಬ್ರೋಶರ್ ಚೆನ್ನಾಗಿ ಕಾಣುತ್ತದೆ. ಆದರೆ ಪುಣೆಯ ಯಾವ ಬಿಲ್ಡರಿಗೂ ನಿಮ್ಮಿಂದ ಜೀವವೈವಿಧ್ಯ ಕೊಳ್ಳಲೇಬೇಕೆಂಬ ಕಾನೂನು ಇಲ್ಲ.

ನಮ್ಮಲ್ಲಿ ಇರುವುದೇನು? ಕೇಂದ್ರ ಸರ್ಕಾರ 2023ರ ಅಕ್ಟೋಬರಿನಲ್ಲಿ ಗ್ರೀನ್ ಕ್ರೆಡಿಟ್ ನಿಯಮಗಳನ್ನು ತಂದಿತು. ಉಸ್ತುವಾರಿ ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಯದು. 2024ರ ಫೆಬ್ರವರಿಯಲ್ಲಿ ಗಿಡ ನೆಡುವ ವಿಧಾನ ಪ್ರಕಟವಾಯಿತು: ಅರಣ್ಯ ಇಲಾಖೆಯ ಕೈಯಲ್ಲಿರುವ, ಹದಗೆಟ್ಟ ಭೂಮಿ, ಒಂದೊಂದು ತುಂಡು 5 ಹೆಕ್ಟೇರ್ ಅಥವಾ ಹೆಚ್ಚು, ಹೆಕ್ಟೇರಿಗೆ ಕನಿಷ್ಠ 1,100 ಗಿಡ, ಗಿಡಕ್ಕೊಂದು ಕ್ರೆಡಿಟ್. 1,100 ಅನ್ನು ಎಕರೆಗೆ ಇಳಿಸಿ ನೋಡಿ, 445 ಬರುತ್ತದೆ. ನಿಮ್ಮ ಕನ್ಸಲ್ಟೆಂಟರ 450 ಎಲ್ಲಿಂದ ಬಂತು ಎಂದು ನನಗೆ ಗೊತ್ತಾಗಿದ್ದು ಅಲ್ಲೇ. ಆದರೆ ನಿಮ್ಮದು ಖಾಸಗಿ ಹೊಲ. 11 ಎಕರೆ ಸೇರಿದರೂ 4.45 ಹೆಕ್ಟೇರ್. ಎರಡು ಕಡೆಯಿಂದಲೂ ಬಾಗಿಲು ಮುಚ್ಚಿದೆ. ಜೊತೆಗೆ 2025ರ ತಿದ್ದುಪಡಿ ಬಂದ ಮೇಲೆ 5 ವರ್ಷ ಕಾದು, ಮರಗಳ ಎಲೆ-ಕೊಂಬೆಯ ಚಾವಣಿ ನೆಲದ ಶೇ 40ರಷ್ಟನ್ನು ಮುಚ್ಚಿದರೆ ಮಾತ್ರ ಕ್ರೆಡಿಟ್. ಅದನ್ನು ಪೇಟೆಯಲ್ಲಿ ಮಾರುವ ಹಾಗೂ ಇಲ್ಲ. ಇನ್ನು ಕಾಡು ಕಡಿದವರು ಕಟ್ಟುವ ಪರಿಹಾರದ ಹಣ ಇದೆ, ಕಾಂಪಾ ಎನ್ನುತ್ತಾರೆ. ಅದು 2016ರ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಗಳ ಹಾದಿಯಲ್ಲೇ ಹರಿಯುತ್ತದೆ, ನಿಮ್ಮ ಬದುವಿಗೆ ಬರುವುದಿಲ್ಲ.

ಹಾಗಾದರೆ ಉಳಿಯುವುದು ಸ್ವಇಚ್ಛೆಯಿಂದ ಕೊಳ್ಳುವ ವಿದೇಶಿ ಕಂಪನಿಗಳು. ಅವರು ಕೇಳುವುದು ಮೂರನೆಯವರು ಬಂದು ತಪಾಸಣೆ ಮಾಡಿದ ದಾಖಲೆ. 11 ಎಕರೆಗೂ 1,100 ಎಕರೆಗೂ ತಪಾಸಣೆಯ ಖರ್ಚಿನಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಒಂದು ಮೊಳ ಹೂವಿಗೆ ಟೆಂಪೋ ಬಾಡಿಗೆ ಕೊಟ್ಟ ಹಾಗೆ.

ಇಷ್ಟು ದುಡ್ಡಿನ ಮಾತು. ಈಗ ನೆಲದ ಮಾತಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಕನ್ಸಲ್ಟೆಂಟರ ಮೇಲೆ ನನಗೆ ಹೆಚ್ಚು ಸಿಟ್ಟು ಬಂದದ್ದು ಇಲ್ಲಿ.

ನಿಮ್ಮ ಹೊಲದಿಂದ ಸ್ವಲ್ಪ ದೂರದಲ್ಲೇ ಮಯೂರೇಶ್ವರ ಅಭಯಾರಣ್ಯ ಇದೆ. ಮೋರ್‌ಗಾಂವಿನ ಗಣಪತಿಯ ಹೆಸರು. 5 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅಲ್ಲಿನ ಚಿಂಕಾರಗಳಿಗೆ (ಬಯಲಿನ ಸಣ್ಣ ಹುಲ್ಲೆ) ಅಭಯಾರಣ್ಯದ ಗಡಿ ಗೊತ್ತಿಲ್ಲ. ಸುತ್ತಲಿನ ಹೊಲ, ಮಾಳಗಳಲ್ಲೇ ಅವು ಓಡಾಡಿ ಮೇಯುವುದು. ಆ ಪ್ರದೇಶದಲ್ಲಿ ತೋಳ ಇದೆ, ಕತ್ತೆಕಿರುಬ ಇದೆ, ನರಿ ಇದೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಸೆಳೆವ ಎಂಬ ಬೇಟೆ ಹಕ್ಕಿಗಳು (ಹ್ಯಾರಿಯರ್) ಬಂದು ಹುಲ್ಲಿನ ಮೇಲೆ ತಗ್ಗಾಗಿ ಹಾರುತ್ತ ಮಿಡತೆ ಹಿಡಿಯುತ್ತವೆ. ಇವೆಲ್ಲಕ್ಕೂ ಬೇಕಾದದ್ದು ಬಯಲು. ನೆರಳಲ್ಲ, ಕಾಡಲ್ಲ. ಚಿಂಕಾರ ದೂರದಿಂದ ತೋಳವನ್ನು ಕಂಡರೆ ಬದುಕುತ್ತದೆ. ನೆಲಗುಬ್ಬಿ ಹುಲ್ಲಿನ ಬುಡದಲ್ಲಿ, ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಎಕರೆಗೆ 450 ಗಿಡ ನೆಟ್ಟು ಅವು ಬದುಕಿಬಿಟ್ಟರೆ (ಮುರುಮಿನಲ್ಲಿ ಬಹಳಷ್ಟು ಬದುಕುವುದಿಲ್ಲ, ಅದು ನಿಮ್ಮ ಪುಣ್ಯ) ಇವೆಲ್ಲ ಖಾಲಿ ಮಾಡಿಕೊಂಡು ಹೋಗುತ್ತವೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. 20 ವರ್ಷದ ಹಿಂದೆ ಪುಣೆಯ ಪೂರ್ವದ ಒಂದು ಗುಡ್ಡದ ಮೇಲೆ, ಒಂದು ಕಂಪನಿಯ ದುಡ್ಡಿನಲ್ಲಿ, ನಾನೇ ಮುಂದೆ ನಿಂತು ಬೇವು ಮತ್ತು ಗ್ಲಿರಿಸಿಡಿಯಾ ನೆಡಿಸಿದ್ದೆ. ಫೋಟೊ ಬಂತು, ಶಾಲು ಹೊದಿಸಿದರು. ಐದಾರು ವರ್ಷದ ಮೇಲೆ ಹೋಗಿ ನೋಡಿದರೆ ಬೇವು ಮೊಣಕಾಲುದ್ದ ನಿಂತಿತ್ತು, ಗ್ಲಿರಿಸಿಡಿಯಾ ದಟ್ಟವಾಗಿ ಹಬ್ಬಿತ್ತು. ಹುಲ್ಲು ಸತ್ತಿತ್ತು. ಮೊದಲು ಹೆಜ್ಜೆ ಹೆಜ್ಜೆಗೂ ಏಳುತ್ತಿದ್ದ ಬುರ್ಲಿ ಹಕ್ಕಿ ಒಂದೂ ಇಲ್ಲ. ಬಂದಿದ್ದು ಕಾಗೆ, ಮೈನಾ. ಅವಕ್ಕೆ ಪುಣೆಯಲ್ಲಿ ಜಾಗದ ಬರವೇ? ಆ ಶಾಲು ಈಗಲೂ ಮನೆಯಲ್ಲಿದೆ, ಹೊದೆಯಲು ಮನಸ್ಸಾಗುವುದಿಲ್ಲ.

ನಮ್ಮ ಕಡೆಯ ಉದಾಹರಣೆ ಬೇಕಿದ್ದರೆ ರಾಣೆಬೆನ್ನೂರು ನೋಡಿ. ಕೃಷ್ಣಮೃಗಕ್ಕೆಂದು 1974ರಲ್ಲಿ ಅಭಯಾರಣ್ಯ ಆಯಿತು. ಆದರೆ ಆ ಬಯಲಿನ ಬಹುಭಾಗವನ್ನು ನೀಲಗಿರಿ ತೋಪು ಆವರಿಸಿತ್ತು. ಎರ್ಲಡ್ಡು, ದೊರವಾಯನ ಹಕ್ಕಿ ಎಂದೆಲ್ಲ ಕರೆಯುವ ದೊಡ್ಡ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಲ್ಲಿ ಹಿಂದೆ ಇತ್ತು. ಬಯಲು ಹೋದ ಹಾಗೆ ಅದೂ ಹೋಯಿತು. ಸರ್ಕಾರಿ ನಕ್ಷೆಗಳಲ್ಲಿ ಹುಲ್ಲುಗಾವಲಿಗೆ ಇವತ್ತಿಗೂ ‘ಪಾಳುಭೂಮಿ’ ಎಂಬ ಹೆಸರಿದೆ. ಹಿಂದಿನವರಿಗೆ ಆ ಗೊಂದಲ ಇರಲಿಲ್ಲ. ಕನ್ನಡದಲ್ಲಿ ಅದಕ್ಕೆ ಕಾವಲು ಎಂದರು, ಅಮೃತಮಹಲ್ ಕಾವಲು ನಿಮಗೆ ಗೊತ್ತು. ಮರಾಠಿಯಲ್ಲಿ ಕುರಣ ಎಂದರು: ಕಾದಿಟ್ಟು ಬೆಳೆಸಿದ ಹುಲ್ಲಿನ ಹೊಲ. ನಿಮ್ಮ 8 ಎಕರೆ ಆಗಬೇಕಾದ್ದು ಕುರಣ.

ಮಾಡುವುದು ಹೇಗೆ? ಅರ್ಧ ಕೆಲಸ 6 ವರ್ಷದಲ್ಲಿ ತಾನಾಗೇ ಆಗಿದೆ. ಈ ಮಳೆಗಾಲ ಏನನ್ನೂ ಮಾಡದೆ, ತಿಂಗಳಿಗೊಮ್ಮೆ ಹೋಗಿ ನಡೆದು ನೋಡಿ. ನೇಗಿಲು ಕಂಡ ನೆಲದಲ್ಲಿ ಮೊದಲು ಬರುವುದು ಒಂದು ವರ್ಷದ ಹುಲ್ಲು, ಕಳೆ. ಬಹುವಾರ್ಷಿಕ ಹುಲ್ಲು ಬದುವಿನಿಂದ ಒಳಗೆ ಮೆಲ್ಲಗೆ ನಡೆದು ಬರುತ್ತದೆ. ಆದ್ದರಿಂದ ನೋಡಬೇಕಾದ್ದು ಬದುಗಳನ್ನು. ಊರಿನ ಧನಗರರಲ್ಲಿ (ಕುರಿ ಕಾಯುವವರು) ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಶೇಡಾ, ಪವನಾ, ಮಾರ್ವೇಲ್, ಕುಸಳಿ ಹುಲ್ಲುಗಳಲ್ಲಿ ಯಾವುದು ಎಲ್ಲಿದೆ ಎಂದು ಅವರು ನಡೆಯುತ್ತಲೇ ಹೇಳುತ್ತಾರೆ. ನನಗೆ ಹುಲ್ಲು ಕಲಿಸಿದವರೂ ಅವರೇ, ಕಾಲೇಜು ಅಲ್ಲ.

ಅಕ್ಟೋಬರ್–ನವೆಂಬರಿನಲ್ಲಿ ಬೀಜ ಮಾಗುತ್ತದೆ. ಬದುಗಳಿಂದ, ಊರ ದೇವಸ್ಥಾನದ ಜಾಗದಿಂದ (ಕೇಳಿಕೊಂಡು) ಕೈಯಲ್ಲೇ ಉದುರಿಸಿ ಗೋಣಿಚೀಲಕ್ಕೆ ತುಂಬಿ ಒಣಗಿಸಿಡಿ. ಬರಿದಾಗಿ ಎರಚಿದರೆ ಗಾಳಿ ಅರ್ಧ ಒಯ್ಯುತ್ತದೆ, ಇರುವೆ ಉಳಿದರ್ಧ. ಮಣ್ಣು, ಸಗಣಿ ಕಲಸಿ ಸಣ್ಣ ಉಂಡೆ ಮಾಡಿ ಮೊದಲ ಮಳೆಗೆ ಮುಂಚೆ, ಖಾಲಿ ಇರುವ ಕಡೆ ಮಾತ್ರ ಹಾಕಿ. ಕುಸಳಿಯ ಬೀಜ ಬೇಡ, ಅದು ಕರೆಯದೇ ಬರುತ್ತದೆ. ಅದರ ಮುಳ್ಳು ಕುರಿಯ ಉಣ್ಣೆಗೂ ಬಾಯಿಗೂ ಚುಚ್ಚುತ್ತದೆ. ಗೊಬ್ಬರ ಹಾಕಬೇಡಿ. ಗೊಬ್ಬರ ಕೊಟ್ಟ ನೆಲದಲ್ಲಿ ಗೆಲ್ಲುವುದು ಕಳೆಯೇ.

ಕಳೆ ಎಂದರೆ ಮುಖ್ಯವಾಗಿ ಕಾಂಗ್ರೆಸ್ ಗಿಡ; ನಿಮ್ಮ ಊರಿನವರ ಗಾಜರ್ ಗವತ್. ದೇಶದಲ್ಲಿ ಅದನ್ನು 1950ರ ದಶಕದಲ್ಲಿ ಮೊದಲು ಗುರುತಿಸಿದ್ದು ಪುಣೆಯಲ್ಲೇ, ಆ ಕೀರ್ತಿ ನಮ್ಮದು. ಹೂ ಬಿಡುವ ಮೊದಲು ಮಳೆ ನಿಂತ ಮಾರನೆಯ ದಿನ ಬೇರುಸಹಿತ ಕೀಳಬೇಕು, ಕೈಗವಸು ಹಾಕಿ. ಎರಡು ಮೂರು ವರ್ಷ ಬಿಡದೆ ಕಿತ್ತರೆ, ಹುಲ್ಲು ದಟ್ಟವಾದ ಮೇಲೆ ಅದಕ್ಕೆ ಜಾಗ ಸಿಗುವುದಿಲ್ಲ. ಬಳ್ಳಾರಿ ಜಾಲಿ ಇದ್ದರೆ ಸಣ್ಣದಿರುವಾಗಲೇ ಅಗೆದು ತೆಗೆಸಿ. ಕಡಿದರೆ ಇನ್ನೂ ದಟ್ಟವಾಗಿ ಚಿಗುರುತ್ತದೆ. ತಾವಾಗಿ ಹುಟ್ಟಿದ ಬಾರೆ, ಕರಿಜಾಲಿ ಅಲ್ಲೊಂದು ಇಲ್ಲೊಂದು ಇರಲಿ. ಅಷ್ಟೇ ಮರ ಸಾಕು.

ಜೆಸಿಬಿ ತರಿಸಿ ಗುಡ್ಡದ ಉದ್ದಕ್ಕೂ ಕಾಲುವೆ ತೋಡಿಸುವ ಹುಚ್ಚು ಈ ಕಡೆ ಬಹಳ. ನೀರಿಗಾಗಿ ಕೆಲವು ಊರಿಗೆ ಅದು ಬೇಕು, ಒಪ್ಪುತ್ತೇನೆ. ನಿಮ್ಮ 8 ಎಕರೆಯಲ್ಲಿ ಬೇಡ. ಮೇಲಿನ ಗೇಣು ಮಣ್ಣು ರೂಪುಗೊಳ್ಳಲು ಎಷ್ಟೋ ತಲೆಮಾರು ಹಿಡಿದಿದೆ. ಅದನ್ನು ಮಗುಚಿದರೆ ಕೆಳಗಿನ ಮುರುಮು ಮೇಲೆ ಬಂದು, ಅದರ ಮೇಲೆ ಮೊದಲು ಕೂರುವುದು ಮತ್ತೆ ಕಾಂಗ್ರೆಸ್.

ಜಾಳಿಗೆ ಬೇಲಿಯೂ ಬೇಡ. ಬೇಲಿ ಹಾಕಿ ವನ್ಯಜೀವಿ ನೆಲೆ ಅಂದರೆ ಚಿಂಕಾರ ಎಲ್ಲಿಂದ ಒಳಗೆ ಬರಬೇಕು? ಆ ದುಡ್ಡಲ್ಲಿ ಬಾವಿಗೆ ಕಟ್ಟೆ ಕಟ್ಟಿಸಿ. ಕಟ್ಟೆ ಇಲ್ಲದ ಬಾವಿಗೆ ರಾತ್ರಿ ನರಿ, ತೋಳ, ಚಿರತೆ ಬಿದ್ದು ಸಾಯುವುದು ಮಹಾರಾಷ್ಟ್ರದಲ್ಲಿ ವರ್ಷವಿಡೀ ನಡೆಯುವ ಸಂಗತಿ. ಇಡೀ ಯೋಜನೆಯಲ್ಲಿ ನೀವು ಖರ್ಚು ಮಾಡಲೇಬೇಕಾದ ಒಂದೇ ಜಾಗ ಅದು. ಇನ್ನೊಂದು ಸಂಗತಿ ನಾಯಿ. ಹೊಲ ಕಾಯಲು ಎಂದು ನಾಯಿ ಬಿಡಬೇಡಿ. ಪುಣೆ ಸುತ್ತಿನ ಬಯಲಿನಲ್ಲಿ ತೋಳ–ನಾಯಿ ಬೆರಕೆಯಾಗಿರುವುದು ತಳಿ ಪರೀಕ್ಷೆಯಿಂದ ಖಚಿತವಾಗಿದೆ. ನಾಯಿಯ ರೋಗವೂ ಅವಕ್ಕೆ ತಗಲುತ್ತದೆ.

ಕೆಳಗಿನ 3 ಎಕರೆಯನ್ನು ಬೀಳು ಬಿಡಬೇಡಿ. ಇದು ನನ್ನ ಸ್ವಂತ ಅಭಿಪ್ರಾಯ, ಒಪ್ಪದ ಪರಿಸರವಾದಿ ಗೆಳೆಯರಿದ್ದಾರೆ. ನೀರಿರುವ ನೆಲದಲ್ಲಿ ಹಿಂಗಾರಿ ಜೋಳ, ಕಡಲೆ ಹಾಕಿಸಿ, ಪಾಲಿಗೆ ಕೊಟ್ಟರೂ ಸರಿ. ಜೋಳದ ಹೊಲ ಹುಲ್ಲುಗಾವಲಿನ ಪ್ರಾಣಿಗಳಿಗೆ ಪರಕೀಯವಲ್ಲ. ಜೊತೆಗೆ ಊರಲ್ಲಿ ನೀವು ಇನ್ನೂ ರೈತರಾಗಿ ಉಳಿಯುತ್ತೀರಿ. ಪುಣೆಯಿಂದ ಕಾರಿನಲ್ಲಿ ಬಂದು ‘ಪ್ರಾಣಿಗಳಿಗೆ ಬಿಟ್ಟಿದ್ದೇವೆ’ ಎನ್ನುವವರ ಹುಲ್ಲಿಗೆ ಮಾರ್ಚಿನಲ್ಲಿ ಬೆಂಕಿ ಬೀಳುವುದು ಹೆಚ್ಚು.

ಬೆಂಕಿಯ ಮಾತು ಬಂದದ್ದರಿಂದ ಧನಗರರ ಮಾತು. ದೀಪಾವಳಿ ಮುಗಿದ ಮೇಲೆ ಅವರಲ್ಲಿ ಬಹಳಷ್ಟು ಮಂದಿ ಹಿಂಡು ಹೊಡೆದುಕೊಂಡು ಕೊಂಕಣಕ್ಕೆ ಇಳಿದು, ಮಳೆಗೆ ಮುಂಚೆ ಮರಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ನೆಲದ ಹಕ್ಕಿಗಳ ಗೂಡಿನ ಕಾಲ. ಆಗ ಮೇಯಿಸಬೇಡಿ ಎಂದು ಮುಂಚೆಯೇ ಕೂತು ಮಾತಾಡಿ. ಬದಲಿಗೆ ಕೊಯ್ಲಾದ ಮೇಲೆ ಕೂಳೆ ಮೇಯಲು ಬಿಡಿ, 3 ಎಕರೆಯಲ್ಲಿ ಒಂದೆರಡು ರಾತ್ರಿ ಹಿಂಡು ತರುಬಿಸಿ ಗೊಬ್ಬರ ತೆಗೆದುಕೊಂಡು ಅದರ ದುಡ್ಡು ಕೊಡಿ. ಅವರಿಗೆ ಲಾಭ ಇರುವ ಹುಲ್ಲಿಗೆ ಅವರೇ ಕಾವಲು. ಮೇಯಿಸುವುದನ್ನು ಪೂರ್ತಿ ನಿಲ್ಲಿಸುವುದೂ ತಪ್ಪು; ಎರಡು ಮೂರು ವರ್ಷ ಯಾರೂ ಮುಟ್ಟದ ಹುಲ್ಲು ಒಣಗಿ ಒರಗಿ ತನ್ನ ಮರಿಯನ್ನೇ ಉಸಿರುಕಟ್ಟಿಸುತ್ತದೆ.

ಆದಾಯ ಅಂದರೆ ಹುಲ್ಲೇ. ಬೀಜ ಉದುರಿದ ಮೇಲೆ 8 ಎಕರೆಯಲ್ಲಿ 4 ಎಕರೆ ಈ ವರ್ಷ ಕೊಯ್ಯಿರಿ, ಉಳಿದ 4 ಮುಂದಿನ ವರ್ಷ. ಪೆಂಡಿ ಕಟ್ಟಿ ಮಾರಿ. ಆ ಭಾಗದಲ್ಲಿ ಹೈನುಗಾರಿಕೆ ಇದೆ, ಬರ ಬಿದ್ದ ವರ್ಷ ಒಣಹುಲ್ಲಿಗೆ ಗಿರಾಕಿ ಮನೆ ಬಾಗಿಲಿಗೆ ಬರುತ್ತಾರೆ. ಎಕರೆಗೆ ಲಕ್ಷ ಕನಸಿನಲ್ಲೂ ಇಲ್ಲ. ಕಳೆ ಕೀಳಿಸಿದ ಕೂಲಿ, ಕೊಯ್ಲಿನ ಕೂಲಿ ಹುಟ್ಟಿದರೆ ಚೆನ್ನಾಯಿತು ಎಂದುಕೊಳ್ಳಿ. ಮಗಳಿಗೂ ಇದನ್ನು ಮೊದಲೇ ಹೇಳಿಬಿಡಿ. ಕಾಡಿನ ಉತ್ಪನ್ನದಿಂದ ಸಂರಕ್ಷಣೆಗೆ ಹಣ ಹುಟ್ಟಿಸಿದ ನಿದರ್ಶನ ಇಲ್ಲವೆಂದಲ್ಲ. ಪುಣೆಯದೇ ಆದ ಎಇಆರ್‌ಎಫ್ ಸಂಸ್ಥೆ ಸಹ್ಯಾದ್ರಿಯಲ್ಲಿ ಮಂಗಟ್ಟೆ ಗೂಡು ಕಟ್ಟುವ ತಾರೆ ಮರಗಳ ಕಾಯಿಯನ್ನು ಫೇರ್‌ವೈಲ್ಡ್ ಪ್ರಮಾಣಪತ್ರದೊಂದಿಗೆ (ಕಾಡಿಗೆ ಹಾನಿಯಾಗದಂತೆ ಸಂಗ್ರಹಿಸಿದ್ದು ಎಂಬ ಖಾತರಿ) ಬ್ರಿಟನ್ನಿನ ಗಿಡಮೂಲಿಕೆ ಚಹಾ ಕಂಪನಿಗೆ ಮುಟ್ಟಿಸಿತು. ಮರ ಉಳಿದರೆ ಊರಿಗೆ ಆದಾಯ ಎಂಬ ಲೆಕ್ಕ. ಗಮನಿಸಿ, ಅಲ್ಲೂ ಮಾರಿದ್ದು ಕೈಗೆ ಸಿಗುವ ಕಾಯಿ.

ಕಾಗದಪತ್ರ. ಬೀಳು ಬಿಟ್ಟರೆ ಹೊಲ ಹೋಗುತ್ತದೆ ಎಂದು ತಮ್ಮ ಹೆದರಿದ್ದರೆ ಆ ಹೆದರಿಕೆ ಪೂರ್ತಿ ಆಧಾರವಿಲ್ಲದ್ದಲ್ಲ. ಸತತ 2 ವರ್ಷ ಉಳದ ಜಮೀನಿನ ನಿರ್ವಹಣೆಯನ್ನು ಸರ್ಕಾರ ವಹಿಸಿಕೊಳ್ಳಬಹುದೆಂಬ ಕಲಮು 1948ರ ಕೂಳ್ (ಗೇಣಿ) ಕಾಯ್ದೆಯಲ್ಲಿದೆ. ಆದರೆ ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ಹುಲ್ಲು ಬೆಳೆಯುವುದೂ, ರೈತ ತನ್ನ ಜಮೀನನ್ನು ಮೇವಿಗೆ ಬಳಸುವುದೂ ‘ಕೃಷಿ’ ಎಂದೇ ಬರೆದಿದೆ. ಆದ್ದರಿಂದ ಪೀಕ್ ಪಾಹಣಿಯಲ್ಲಿ (ಬೆಳೆ ದಾಖಲೆ) ‘ಪಡ’, ಅಂದರೆ ಬೀಳು, ಎಂದು ಬಿಡದೆ ಹುಲ್ಲು ಎಂದು ದಾಖಲಿಸಿ, ಸಾತ್‌ಬಾರಾ ಉತಾರದಲ್ಲಿ (ಇಲ್ಲಿನ ಪಹಣಿ) ಬಂತೇ ಎಂದು ನೋಡಿ. ತಲಾಠಿ (ಗ್ರಾಮ ಲೆಕ್ಕಿಗರು) ನಕ್ಕರೆ ನಗಲಿ, ಪೆಂಡಿ ಮಾರಿದ ಚೀಟಿ ತೋರಿಸಿ. ಉತಾರದಲ್ಲಿ ತಂದೆಯ ಹೆಸರೇ ಇದ್ದರೆ ಮೊದಲು ವಾರಸಾ ನೋಂದಣಿ ಮಾಡಿಸಿ. ಅಕ್ಕತಂಗಿಯರಿದ್ದರೆ ಅವರ ಹೆಸರೂ ಬರುತ್ತದೆ, ಅವರನ್ನೂ ಕೂರಿಸಿಕೊಂಡು ಮಾತಾಡಬೇಕು. ಇನ್ನು ಖಾಸಗಿ ಅರಣ್ಯ ಎಂದು ಸರ್ಕಾರ ಕಿತ್ತುಕೊಳ್ಳುತ್ತದೆ ಎಂಬ ಮಾತು: ಮಹಾರಾಷ್ಟ್ರದ 1975ರ ಕಾಯ್ದೆ ಆ ವರ್ಷದ ಆಗಸ್ಟ್ 30ರಂದು ಇದ್ದ ಖಾಸಗಿ ಕಾಡುಗಳದ್ದು, ನಾಳೆ ಬೆಳೆಯುವ ಹುಲ್ಲಿನದ್ದಲ್ಲ.

ಮುಂದೆ ಎಂದಾದರೂ ಇಲ್ಲೂ ನಿಜವಾದ ಮಾರುಕಟ್ಟೆ ಬಂದರೆ? ಬರಬಹುದು. 2022ರ ಕುನ್‌ಮಿಂಗ್–ಮಾಂಟ್ರಿಯಲ್ ಒಪ್ಪಂದದ 19ನೇ ಗುರಿಯಲ್ಲಿ ಜೀವವೈವಿಧ್ಯ ಕ್ರೆಡಿಟ್ಟಿನ ಹೆಸರೇ ಇದೆ, ಆಸ್ಟ್ರೇಲಿಯಾ 2023ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿದೆ. ಅಂಥ ದಿನ ಬಂದರೆ ಬೆಲೆ ಇರುವುದು ಮೊದಲು ಹೇಗಿತ್ತು ಎಂಬ ದಾಖಲೆಗೆ. ಅದನ್ನು ಈಗಲೇ, ಖರ್ಚಿಲ್ಲದೆ ಮಾಡಿ. ಈ ಕೆಲಸ ಮಗಳಿಗೆ ಕೊಡಿ. ಹೊಲದಲ್ಲಿ 6 ಕಡೆ ಕಲ್ಲು ನೆಟ್ಟು, ಪ್ರತಿ ವರ್ಷ ಅದೇ ತಿಂಗಳು, ಅದೇ ಕಲ್ಲಿನ ಮೇಲಿಂದ, ಅದೇ ದಿಕ್ಕಿಗೆ ಒಂದು ಫೋಟೊ. ಚಳಿಗಾಲದಲ್ಲಿ ಎರಡು ಸಲ, ಮಳೆಗಾಲದಲ್ಲಿ ಎರಡು ಸಲ ಬೆಳಿಗ್ಗೆ ಒಂದು ಗಂಟೆ ನಡೆದು ಕಂಡ ಹಕ್ಕಿ ಎಣಿಸಿ ಬರೆಯುವುದು. ಕಾಣದ ದಿನ ಕಾಣಲಿಲ್ಲ ಎಂದೂ ಬರೆಯುವುದು. ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಎಂಬುದು ಇರಬೇಕು, 2002ರ ಕಾಯ್ದೆಯ ಫಲ. ಹೆಚ್ಚಿನ ಕಡೆ ಕಪಾಟಿನಲ್ಲಿ ಮಲಗಿರುತ್ತದೆ. ಕೇಳಿ ತೆಗೆಸಿ, ನಿಮ್ಮ ಹೊಲದ ಹೆಸರು ಸೇರಿಸಿ.

ಕನ್ಸಲ್ಟೆಂಟರು ಬಿಟ್ಟುಹೋದ ಒಪ್ಪಂದದ ಪ್ರತಿ ಇದ್ದರೆ ಮೂರು ಜಾಗ ಓದಿ. ‘ಎಲ್ಲ ಪರಿಸರ ಹಕ್ಕುಗಳ’ ವರ್ಗಾವಣೆ ಎಂಬ ಮಾತು ಎಲ್ಲಿದೆ. ಅವಧಿ ಎಷ್ಟು; 30 ವರ್ಷ ಎಂದಿದ್ದರೆ ಮುಗಿಯುವಾಗ ನಿಮಗೆ 91, ಹೊರೆ ಹೊರುವವರು ಮಗಳು ಮತ್ತು ತಮ್ಮನ ಮಕ್ಕಳು. ಕ್ರೆಡಿಟ್ ಮಾರಾಟವಾಗದಿದ್ದರೆ ಗಿಡ ನೋಡಿಕೊಳ್ಳುವ ಖರ್ಚು ಯಾರದ್ದು. ಓದಿದ ಮೇಲೂ ಅವರಿಗೆ ಒಂದು ಅವಕಾಶ ಕೊಡಬೇಕೆನಿಸಿದರೆ ಫೋನ್ ಮಾಡಿ ಒಂದೇ ಮಾತು ಕೇಳಿ: ನಿಮ್ಮ ಮೂಲಕ ಕ್ರೆಡಿಟ್ ಮಾರಿ ದುಡ್ಡು ಪಡೆದ ಒಬ್ಬ ರೈತರ ಹೊಲಕ್ಕೆ ನಮ್ಮನ್ನು ಕರೆದುಕೊಂಡು ಹೋಗುತ್ತೀರಾ, ಪೆಟ್ರೋಲ್ ಖರ್ಚು ನಮ್ಮದು.